ಕಲ್ಲಿನ ಸೀಮಿಗಿ ಸಿಮೆಂಟ್ ಬ್ಲಾಕ್ ಬಂದ ಕಥಿ

ಶಹಾಬಾದಿನ ಪರಸಿ ರೈಲು ಹತ್ತಿ ಮುಂಬೈಗಿ ಹೋಯ್ತು, ಹೈದರಾಬಾದಿಗಿ ಹೋಯ್ತು. ಆದ್ರ ಇವತ್ತ ಶಹಾಬಾದಿನಾಗೇ ಹೊಸಾ ಮನಿ ಕಟ್ಟಸೋರ ಬಾಗಲ ಮುಂದ ಹೋಗಿ ನೋಡ್ರಿ, ಬೂದಿ ಬಣ್ಣದ ಸಿಮೆಂಟ್ ಬ್ಲಾಕ್ ಒಟ್ಟಿರ್ತಾರ. ಕಾಲ ಬುಡಕ ಕಲ್ಲು ಇರೋ ಊರಿಗಿ ಈ ಬ್ಲಾಕ್ ಯಾಕ ಬಂತು ಅಂತ ನಮ್ಮ ವೈನಿ ಕೇಳ್ಯಾರ. ಕೇಳಲಿಕ್ಕ ಕಾರಣನೂ ಅದ. ಅವರ ಮಗಳು ಸೇಡಂದಾಗ 30 ಫೂಟು 40 ಫೂಟಿನ ಪ್ಲಾಟಿನಾಗ ಮನಿ ಎಬ್ಬಸ್ಲಕತ್ತಾಳ. ಗೌಂಡಿ ಸಾಲಿಡ್ ಬ್ಲಾಕ್ ಅಂತಾನ, ಇಂಜಿನಿಯರು ಎಎಸಿ ಬ್ಲಾಕ್ ಅಂತಾರ, ಅಕಿ ಮಾವನೋರು ಹಾಲೋ ಬ್ಲಾಕ್ ತರ್ರಿ ರೊಕ್ಕ ಉಳೀತದ ಅಂತಾರ. ಮೂರೂ ಮಂದಿ ಗಂಡಸರು, ಮೂರೂ ಮಾತು ಬ್ಯಾರೆ. ಹಗಲೆಲ್ಲ ಆ ಗ್ವಾಡಿ ನಡುವ ಇರೋಳು ಮಾತ್ರ ಅಕಿ. ರೊಕ್ಕ ಒಮ್ಮೆ ಹೋದ್ರ ತಿರುಗಿ ಬರಂಗಿಲ್ಲ, ಗ್ವಾಡಿ ಒಮ್ಮೆ ಎದ್ರ ಕೆಡವಲಿಕ್ಕ ಆಗಂಗಿಲ್ಲ. ಅದಕ್ಕ ಇದನ್ನ ಬುಡದಿಂದ ಹೇಳಬೇಕು ಅನಸ್ತು.

ಬುಡ ಅಂದ್ರ ಕಲ್ಲೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಈ ಕಾಗಿಣಾ ದಂಡಿ ಊರುಗೋಳ ಕೆಳಗ ಸುಣ್ಣದ ಕಲ್ಲು ಹಾಸಿಕೊಂಡು ಬಿದ್ದದ. ಕಟಕ ರೊಟ್ಟಿ ಒಂದರ ಮ್ಯಾಲೊಂದು ಒಟ್ಟಿದಂಗ ಪದರ ಪದರ. ಸಂದಿನಾಗ ಉಳಿ ಇಟ್ಟು ಹೊಡದ್ರ ಸಪಾಟಾಗಿ ಬಿಚ್ಚಿ ಬರ್ತದ. ಭೂವಿಜ್ಞಾನದೋರು ಈ ಇಡೀ ಕಲ್ಲಿನ ಹಾಸಿಗಿ ಭೀಮಾ ನದಿ ಹೆಸರು ಇಟ್ಟಾರ, ಅದರಾಗಿನ ಸುಣ್ಣದ ಕಲ್ಲಿನ ಪದರಿಗಿ ಶಹಾಬಾದಿನ ಹೆಸರು ಕೊಟ್ಟಾರ. ಚಿಂಚೋಳಿ ಕಡಿ ಹೋದ್ರ ನೆಲ ಬ್ಯಾರೆ ಆಗ್ತದ, ಅಲ್ಲಿ ಕರಿಕಲ್ಲು ಮತ್ತ ಕೆಂಪು ಕಲ್ಲು ಜಾಸ್ತಿ. ಆದ್ರ ಅಲ್ಲಿನೂ ಒಂದು ಭಾಗದಾಗ ಸುಣ್ಣದ ಕಲ್ಲು ಅದ, ಅದಕ್ಕೇ ಛತ್ರಸಾಲದಾಗ ಸಿಮೆಂಟ್ ಕಾರ್ಖಾನಿ ಬಂತು.

ಈ ಕಲ್ಲಿಲೆ ಕಟ್ಟೋದು ನಮಗ ಹೊಸದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ ಹಂತೇಲಿ ಕನಗನಹಳ್ಳಿ ಅದ, ನೀವು ಚಂದ್ರಲಾಂಬಾ ಗುಡಿಗಿ ಹೋದಾಗ ಆ ಕಡಿ ಹಾದಿರಬೇಕು. ಅಲ್ಲಿ ಭೂಮಿ ಅಗದಾಗ ಸಿಕ್ಕ ಬೌದ್ಧ ಸ್ತೂಪದ ಮೈ ತುಂಬ ಹೊಚ್ಚಿದ್ದು ಇದೇ ಸುಣ್ಣದ ಕಲ್ಲಿನ ಹಲಗಿ. ಎರಡು ಸಾವಿರ ವರ್ಷದ ಹಿಂದಿನ ಕೆಲಸ. ಒಂದು ಹಲಗಿ ಮ್ಯಾಲ ಅಶೋಕ ರಾಜ, ಅವನ ರಾಣಿ, ಛತ್ರಿ ಚಾಮರ ಹಿಡದ ಹೆಣ್ಮಕ್ಕಳು, ಮ್ಯಾಲ ಬ್ರಾಹ್ಮಿ ಅಕ್ಷರದಾಗ ‘ರಾಯೋ ಅಸೋಕೋ’ ಅಂತ ಹೆಸರು. ಅಶೋಕನ ಹೆಸರು ಬರದ ಅವನ ಚಿತ್ರ ಸಿಕ್ಕಿದ್ದು ನಮ್ಮ ಪರಸಿ ಮ್ಯಾಲ ಅಂದ್ರ ಎಷ್ಟ ಮಂದಿಗಿ ಗೊತ್ತದ? ಇತ್ತ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷನ ಊರು. ಈಗ ಕಾಗಿಣಾ ದಂಡಿಗಿ ನಿಂತಿರೋ ಕೋಟಿ ಗ್ವಾಡಿ ನೋಡ್ರಿ, ಅದೇ ಚಪ್ಪಟಿ ಕಲ್ಲು ಸಾಲಾಗಿ ಕೂಡಸ್ಯಾರ.

ರಾಜರ ಮಾತು ಸಾಕು, ನಮ್ಮ ಮನಿಗೋಳ ಮಾತಿಗಿ ಬರ್ತೀನಿ. ನಮ್ಮ ಅಜ್ಜಿ ಕಾಲದ ಮನಿ ಅಂದ್ರ ಎರಡು ಫೂಟು ದಪ್ಪನ ಗ್ವಾಡಿ, ಕಲ್ಲಿನ ಸಂದಿಗಿ ಮಣ್ಣು, ಮ್ಯಾಲ ತೊಲಿ ಜಂತಿ, ಅದರ ಮ್ಯಾಲ ಹಾಳಮಣ್ಣಿನ ಮಾಳಗಿ, ನಡುವ ಒಂದು ಬೆಳಕಿಂಡಿ. ಇದ್ದೋರು ಸುಣ್ಣದ ಗಚ್ಚಿಲೆ ಕಟ್ಟಸ್ತಿದ್ರು. ಸುಣ್ಣನೂ ಇದೇ ಕಲ್ಲು, ಭಟ್ಟಿನಾಗ ಸುಟ್ಟಿದ್ದು, ಎತ್ತು ಹೂಡಿ ಗಾಣದಾಗ ಉಸುಕಿನ ಜೋಡಿ ಅರದಿದ್ದು. ಇಲ್ಲದೋರಿಗಿ ಮಣ್ಣೇ ಗತಿ. ಗ್ವಾಡಿ ಕಟ್ಟೋದು ಗಂಡಸರ ಕೆಲಸ ಅಂತ ಹೇಳ್ತಾರ, ಆದ್ರ ಕಟ್ಟಿದ ಮ್ಯಾಲ ಅದನ್ನ ವರ್ಷಾ ವರ್ಷಾ ನಿಂದ್ರಸಿದೋರು ಯಾರು? ಮಳಿಗಾಲಕ್ಕ ಮುಂಚೆ ಮಾಳಗಿಗಿ ಮಣ್ಣು ಹೊತ್ತು ಹಾಕೋದು, ನೀರು ಹೊಡದು ಬಡದು ಕೂಡಸೋದು, ದೀಪಾವಳಿಗಿ ಸುಣ್ಣ, ಹಬ್ಬಕ್ಕೊಮ್ಮೆ ಸಾರಸೋದು, ಇವೆಲ್ಲ ನಮ್ಮ ಕೈಲೇ ಆಗ್ತಿದ್ವು. ಮಾಳಗಿ ಸೋರಿದ್ರ ಬೈಗುಳ ಸುದ್ದಾ ನಮಗೇ.

ಆ ದಪ್ಪ ಗ್ವಾಡಿನಾಗ ಒಂದು ಸುಖಾ ಇತ್ತು, ಅದನ್ನೂ ಹೇಳಬೇಕು. ದೀಪದ ಮಾಡ, ಅರಿವಿ ಮಾಡ, ಉಪ್ಪಿನಕಾಯಿ ಭರಣಿ ಇಡೋ ಮಾಡ ಎಲ್ಲಾ ಗ್ವಾಡಿ ಒಳಗೇ ಕೂಡತಿದ್ವು. ಆರು ಇಂಚಿನ ಬ್ಲಾಕ್ ಗ್ವಾಡಿನಾಗ ಮಾಡ ಎಲ್ಲಿಂದ ಬರಬೇಕು? ಅದಕ್ಕೇ ಈಗ ಎಲ್ಲಾರ ಮನ್ಯಾಗ ಕಬ್ಬಿಣದ ಅಲ್ಮಾರಿ.

ಹಂಗಾರ ಆ ಗ್ವಾಡಿ ಯಾಕ ಬಿಟ್ವಿ? ಲೆಕ್ಕ ಮಾಡಿ ನೋಡ್ರಿ. 30 ಫೂಟು 40 ಫೂಟು ಅಂದ್ರ 1200 ಚದರ ಫೂಟು. ಸುತ್ತ ಹೊರಗಿನ ಗ್ವಾಡಿ ಎರಡು ಫೂಟು ದಪ್ಪ ಇಟ್ರ ಗ್ವಾಡಿಗೇ 264 ಚದರ ಫೂಟು ಹೋಗ್ತದ. 8 ಇಂಚಿನ ಬ್ಲಾಕ್ ಇಟ್ರ ಸುಮಾರು 92 ಹೋಗ್ತದ. ಉಳದಿದ್ದು 172 ಚದರ ಫೂಟು, ಒಂದು ದೊಡ್ಡ ಖೋಲಿ. ಹಳ್ಳ್ಯಾಗ ಜಾಗಾಕ್ಕ ಬರ ಇದ್ದಿಲ್ಲ, ಪ್ಲಾಟಿನ ಕಾಲದಾಗ ಗ್ವಾಡಿ ತೆಳ್ಳಗ ಆಗಲೇಬೇಕಾಯ್ತು. ಕಲ್ಲು ತೆಳ್ಳಗ ಕಟ್ಟಲಿಕ್ಕ ಬರಂಗಿಲ್ಲ. ಕಲ್ಲು ಕೂಡಸೋ ಹಳೇ ಕೈಗೋಳೂ ಕಮ್ಮಿ ಆದ್ವು, ಇದ್ದೋರ ಕೂಲಿ ಏರ್ತು. ಹೋಗಲಿ ಸುಟ್ಟ ಇಟ್ಟಂಗಿ ತರ್ರಿ ಅಂದ್ರ ನಮ್ಮ ಕರಿ ಎರಿ ಮಣ್ಣು ಇಟ್ಟಂಗಿಗಿ ಛೊಲೊ ಅಲ್ಲ. ನೀರು ಕುಡದ್ರ ಉಬ್ಬತದ, ಒಣಗಿದ್ರ ಬಾಯಿ ಬಿಡ್ತದ. ತೊಗರಿಗಿ ಬಂಗಾರ, ಇಟ್ಟಂಗಿಗಿ ಶನಿ.

ಇನ್ನ ಸಿಮೆಂಟ್ ನಮ್ಮ ಮನಿ ಬಾಗಲಿಗಿ ಬಂದ ಬಗಿ. ಮುಂಬೈ ಕಡಿಂದ ರಾಯಚೂರಿಗಿ ರೈಲು ಹಳಿ 1871ರಾಗ ಕೂಡ್ತು. 1874ರಾಗ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗಿ ಓಡ್ತು. ಅವತ್ತಿನಿಂದ ವಾಡಿ ಜಂಕ್ಷನ್ ಆಯ್ತು, ಶಹಾಬಾದಿನ ಪರಸಿಗಿ ದೇಶದ ದಾರಿ ತೆರೀತು. ಹಾಸೋ ಕಲ್ಲು ಹೋದ ಹಳಿ ಮ್ಯಾಲೇ ಆಮ್ಯಾಲ ಸಿಮೆಂಟಿನ ಚೀಲ ಹೋದ್ವು. ನಿಜಾಮರ ಆಳ್ವಿಕಿ ಇದ್ದಾಗ, 1920ರ ದಶಕದಾಗ ಶಹಾಬಾದಿನಾಗ ಸಿಮೆಂಟ್ ಕಾರ್ಖಾನಿ ಶುರು ಆಯ್ತು. 1936ರಾಗ ದೇಶದ ಹಲವು ಸಿಮೆಂಟ್ ಕಂಪನಿ ಕೂಡಿ ಎಸಿಸಿ ಆದಾಗ ಶಹಾಬಾದಿಂದೂ ಅದರಾಗ ಸೇರ್ತು. ವಾಡಿದು ಶುರು ಆಗಿದ್ದು 1968ರಾಗ. ಎಂಬತ್ತರ ದಶಕದಾಗ ಮಳಖೇಡದಾಗ ರಾಜಶ್ರೀ, ಸೇಡಂದಾಗ ವಾಸವದತ್ತಾ. ಇತ್ತೀಚಿಗಿ ಚಿತ್ತಾಪುರದ ಇಟಗಾ, ಸೇಡಂ ಹಂತೇಲಿ ಕೋಡ್ಲಾ, ಚಿಂಚೋಳಿ ಕಡಿ ಛತ್ರಸಾಲ. ಹೆಸರು, ಮಾಲಕರು ಬದಲಾಗ್ಯಾರ, ಚಿಮಣಿ ಮಾತ್ರ ಅಲ್ಲೇ ನಿಂತಾವ.

ಕಾರ್ಖಾನ್ಯಾಗ ಮಾಡೋದು ಏನಂದ್ರ, ಇದೇ ಸುಣ್ಣದ ಕಲ್ಲು ಪುಡಿ ಮಾಡಿ, ಮಣ್ಣು ಮತ್ತ ಕಬ್ಬಿಣದ ಅಂಶ ಇರೋ ಅದಿರು ಕೂಡಸಿ, ಸುಮಾರು 1450 ಡಿಗ್ರಿ ಶಾಖದಾಗ ಸುಡ್ತಾರ. ಗಟ್ಟಿ ಗುಂಡು ಆಗ್ತದ, ಅದಕ್ಕ ಕ್ಲಿಂಕರ್ ಅಂತಾರ. ಅದಕ್ಕ ಸ್ವಲ್ಪ ಜಿಪ್ಸಮ್ ಹಾಕಿ ಹಿಟ್ಟಿನಂಗ ಬೀಸಿದ್ರ ಸಿಮೆಂಟ್. ಅಂದ್ರ ಸಿಮೆಂಟ್ ಬ್ಲಾಕ್ ನಮಗ ಪರದೇಶಿ ಅಲ್ಲ. ಪರಸಿ ಅಕ್ಕ ಆದ್ರ ಸಿಮೆಂಟ್ ತಂಗಿ, ಇಬ್ಬರೂ ಒಂದೇ ತಾಯಿ ಹೊಟ್ಟಿಂದ ಬಂದೋರು.

ಮಜಾ ಏನಂದ್ರ ಕಾರ್ಖಾನಿ ನಮ್ಮ ಊರಾಗ ಇದ್ರೂ ಸಿಮೆಂಟ್ ನಮ್ಮ ಕೈಗಿ ಭಾಳ ವರ್ಷ ಸಿಗಲಿಲ್ಲ. ದರಾನೂ ಸರಕಾರದ್ದು, ಹಂಚಿಕಿನೂ ಸರಕಾರದ್ದು. ಮನಿ ಕಟ್ಟಬೇಕಂದ್ರ ಪರ್ಮಿಟ್ ಬೇಕಿತ್ತು. ಅಂಗಳದಾಗ ಒಣ ಹಾಕಿದ ಹಪ್ಪಳದ ಮ್ಯಾಲ ಸಿಮೆಂಟ್ ಧೂಳು ಪುಗಸಟ್ಟೆ ಬೀಳ್ತಿತ್ತು, ಹತ್ತು ಚೀಲ ಸಿಮೆಂಟಿಗಿ ಮಾತ್ರ ಕಚೇರಿ ಮುಂದ ಸಾಲು. ನಮ್ಮ ದೊಡ್ಡವ್ವ ಇದನ್ನ ಈಗಲೂ ನಗತಾ ಹೇಳ್ತಾಳ. 1982ರಾಗ ಈ ಕಟ್ಟು ಅರ್ಧ ಸಡಲಾಯ್ತು, 1989ರಾಗ ಪೂರಾ ಹೋಯ್ತು. ಕಿರಾಣಿ ಅಂಗಡ್ಯಾಗ ಸಕ್ಕರಿ ಸಿಕ್ಕಂಗ ಸಿಮೆಂಟ್ ಸಿಗಲಿಕ್ಕ ಹತ್ತಿದ ಮ್ಯಾಲೇ ನಮ್ಮ ಕಡಿ ಬ್ಲಾಕ್ ಮಾಡೋ ಕೆಲಸ ಹಬ್ಬಿದ್ದು. ಸಿಮೆಂಟ್ ಇಲ್ಲೇ, ಖಡಿ ಒಡಿಯೋ ಕ್ರಷರ್ ಇಲ್ಲೇ, ಕ್ರಷರಿನ ಕೆಳಗ ಬೀಳೋ ಡಸ್ಟ್ ಇಲ್ಲೇ. ಒಂದು ಮಷೀನು, ಸಪಾಟು ಜಾಗಾ, ನೀರು ಇದ್ರ ಸಾಕು.

ಆ ಮಷೀನಿನ ಕಥಿನೂ ಕೇಳ್ರಿ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಅನ್ನೋ ಗೌಂಡಿ 1824ರಾಗ ಪೋರ್ಟ್‌ಲ್ಯಾಂಡ್ ಸಿಮೆಂಟಿಗಿ ಪೇಟೆಂಟ್ ತಗೊಂಡ. ಹೌದ್ರಿ, ಗೌಂಡಿನೇ, ಇಟ್ಟಂಗಿ ಕೂಡಸೋನು. ನಡುವ ತೂತು ಇರೋ ಬ್ಲಾಕು ಮಾಡೋ ಮಷೀನಿಗಿ ಅಮೆರಿಕಾದ ಹಾರ್ಮನ್ ಪಾಮರ್ 1900ರಾಗ ಪೇಟೆಂಟ್ ಪಡದ. ಅವಾಗ ಕೈಲೇ ಬಡದು ಬಡದು ಒಂದೊಂದೇ ತೆಗೀತಿದ್ರು. ಈಗ ನಮ್ಮ ಕಡಿ ಇರೋದು ಗಾಲಿ ಮ್ಯಾಲ ನಡಿಯೋ ಮಷೀನು. ಒಂದು ಕಡಿ ನಿಂತು, ನಡಗಿ, ಬ್ಲಾಕ್ ನೆಲಕ್ಕ ಬಿಟ್ಟು ಮುಂದ ಸರೀತದ, ಮತ್ತ ನಿಂದ್ರತದ. ಇದಕ್ಕ ಇಂಗ್ಲಿಷಿನಾಗ ಎಗ್ ಲೇಯಿಂಗ್ ಮಷೀನ್ ಅಂತಾರ, ಅಂದ್ರ ತತ್ತಿ ಇಡೋ ಮಷೀನು. ಕೋಳಿ ಹೆಸರು ಇಟ್ಟೋನಿಗಿ ಶರಣು.

ಆದ್ರ ಬ್ಲಾಕಿನ ಕಡಿ ನಮ್ಮ ಮಂದಿ ಮನಸ್ಸು ತಿರುಗಿದ್ದು ರೊಕ್ಕದ ಸಲೇಕ ಅಷ್ಟೇ ಅಲ್ಲ. 1993 ಸೆಪ್ಟೆಂಬರ್ 30. ಗಣಪತಿ ಕಳಿಸಿ ಮಲಗಿದ ರಾತ್ರಿ, ಬೆಳಗಾಗೋಕಿಂತ ಮುಂಚೆ ಲಾತೂರ ಕಡಿ ಕಿಲ್ಲಾರಿ ಭೂಕಂಪ. ನಮ್ಮ ಜಿಲ್ಲಾದಾಗೂ ಭೂಮಿ ನಡಗ್ತು, ಭಾಂಡೆ ಕೆಳಗ ಬಿದ್ದಿದ್ದು ನಿಮಗೂ ನೆನಪಿರಬೇಕು. ಅಲ್ಲಿ ಹತ್ತು ಸಾವಿರದ ಹತ್ತರ ಹತ್ತರ ಮಂದಿ ಸತ್ರು. ಅವರನ್ನ ಕೊಂದಿದ್ದು ಭೂಮಿ ಅಲ್ಲ, ಗ್ವಾಡಿ ಮತ್ತ ಮಾಳಗಿ. ದುಂಡನ ಕರಿಕಲ್ಲು, ನಡುವ ಬರೇ ಮಣ್ಣು, ಮ್ಯಾಲ ಫೂಟುಗಟ್ಟಲೆ ದಪ್ಪ ಮಣ್ಣಿನ ಭಾರ. ಗ್ವಾಡಿಗಿ ಒಳಗ ಒಂದು ಮೈ, ಹೊರಗ ಒಂದು ಮೈ, ನಡುವ ಸಣ್ಣ ಕಲ್ಲು ತುಂಬಿದ್ದು. ಎರಡನ್ನೂ ಹಿಡಿಯೋ ಉದ್ದನ ಕಲ್ಲು ಇಲ್ಲದಿದ್ರ ನಡುಗಿದಾಗ ಎರಡು ಮೈ ಬ್ಯಾರೆ ಆಗಿ ಬೀಳ್ತಾವ. ನಮ್ಮ ಪರಸಿ ಗ್ವಾಡಿ ಚಪ್ಪಟಿ ಕಲ್ಲಿಂದು, ಅದರಕಿಂತ ಸ್ವಲ್ಪ ಛೊಲೊ ಕೂಡತದ, ಆದ್ರ ಮಣ್ಣು ಮಣ್ಣೇ, ಮಾಳಗಿ ಭಾರ ಭಾರನೇ. ಕಿಲ್ಲಾರಿ ಕಡಿ ಊರು ತಿರುಗಿ ಕಟ್ಟೋ ಮುಂದ ಸಿಮೆಂಟ್ ಬ್ಲಾಕಿನ ಮನಿಗೋಳೂ ಎದ್ವು. ನೋಡಿ ಬಂದ ನಮ್ಮ ಮಂದಿ ಕಂಬ, ಬೀಮು, ಲಿಂಟಲ್ ಪಟ್ಟಿ ಅನ್ನೋ ಮಾತು ಕಲತ್ರು.

ಮುಂದ 2021ರ ಅಕ್ಟೋಬರಿನಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವರದಾಗ ಮತ್ತ ಮತ್ತ ಭೂಮಿ ಗುಡುಗಿ ನಡುಗಿದಾಗ ಮಂದಿ ಮಕ್ಕಳು ಮರಿ ಕಟಗೊಂಡು ಹೊರಗ ಮಲಗಿದ್ರು. ಕೂಸು ತೊಡಿ ಮ್ಯಾಲ ಹಾಕ್ಕೊಂಡು ರಾತ್ರಿ ಎಲ್ಲ ಕೂತ ತಾಯಿಗಿ ಯಾವ ಗ್ವಾಡಿ ಅನ್ನೋದು ಸುಮ್ಮನೆ ಮಾತಲ್ಲ. ಒಂದು ವಿಷಯ ಇಲ್ಲಿ ಒತ್ತಿ ಹೇಳ್ತೀನಿ. ಬ್ಲಾಕ್ ಇಟ್ಟ ಮಾತ್ರಕ್ಕ ಮನಿ ಭೂಕಂಪಕ್ಕ ಗಟ್ಟಿ ಆಗಂಗಿಲ್ಲ. ಪಾಯದ ಮ್ಯಾಲ ಒಂದು ಪಟ್ಟಿ, ಬಾಗಲು ಕಿಡಕಿ ಮ್ಯಾಲ ಸುತ್ತ ಕಡದಿಲ್ಲದ ಒಂದು ಪಟ್ಟಿ, ಮೂಲಿಗಿ ಕಬ್ಬಿಣ, ಇವು ಗ್ವಾಡಿಗೋಳನ್ನ ಡಬ್ಬಿಯಂಗ ಕಟ್ಟಿ ಹಿಡೀತಾವ. ಇವಿಲ್ಲದ ಬ್ಲಾಕ್ ಗ್ವಾಡಿನೂ ಬೀಳ್ತದ.

ಈಗ ಜಾತಿಗೋಳು. ಬ್ಲಾಕಿನ ಜಾತಿ ಹೇಳ್ತೀನಿ, ನಗಬ್ಯಾಡ್ರಿ.

ಸಾಲಿಡ್ ಬ್ಲಾಕ್ ಅಂದ್ರ ತೂತಿಲ್ಲದ್ದು, ತುಂಬಿದ್ದು. ಉದ್ದ 16 ಇಂಚು, ಎತ್ತರ 8 ಇಂಚು, ದಪ್ಪ 4, 6 ಇಲ್ಲಾ 8 ಇಂಚು. ಸುಟ್ಟ ಇಟ್ಟಂಗಿ ಎಂಟೊಂಬತ್ತು ಕೂಡೋ ಜಾಗಾ 8 ಇಂಚಿನ ಒಂದು ಬ್ಲಾಕ್ ತುಂಬತದ. ಪಾಯದ ಮ್ಯಾಲಿನ ಕಟ್ಟು, ಹೊರಗಿನ ಗ್ವಾಡಿ, ಬಚ್ಚಲದ ಗ್ವಾಡಿ, ನೀರಿನ ಟಾಕಿ ಸುತ್ತ, ಭಾರದ ರ‍್ಯಾಕ್ ಹೊಡಿಯೋ ಅಡಗಿ ಮನಿ ಗ್ವಾಡಿ ಇವಕ್ಕೆಲ್ಲ ಇದು ನಂಬಿಗಸ್ತ. ಭಾರತೀಯ ಮಾನಕದ ಸಂಖ್ಯಾ 2185, ಅದರ ಒಂದನೇ ಭಾಗದಾಗ ಹಾಲೋ ಮತ್ತ ಸಾಲಿಡ್ ಎರಡಕ್ಕೂ ಅಳತಿ, ತಾಕತ್ತು ಎಲ್ಲಾ ಬರದಾರ. 4 ಇಂಚಿಂದು ಒಳಗಿನ ಅಡ್ಡ ಗ್ವಾಡಿಗಿ ಸಾಕು, ಅದರ ಮ್ಯಾಲ ಸ್ಲ್ಯಾಬಿನ ಭಾರ ಕೊಡಬ್ಯಾಡ್ರಿ.

ಹಾಲೋ ಬ್ಲಾಕಿನ ನಡುವ ಎರಡು ತೂತು. ಮಾಲು ಕಮ್ಮಿ, ತೂಕ ಕಮ್ಮಿ, ರೇಟೂ ಕಮ್ಮಿ. ಒಳಗ ಗಾಳಿ ಇರೋದಕ್ಕ ಶಾಖನೂ ಸ್ವಲ್ಪ ತಡೀತದ. ಮೂಲಿ ತೂತಿನಾಗ ಕಬ್ಬಿಣ ನಿಂದ್ರಸಿ ಕಾಂಕ್ರೀಟ್ ತುಂಬಿದ್ರ ಗಟ್ಟಿ ಕೆಲಸ ಆಗ್ತದ, ಪರದೇಶದಾಗ ಅದನ್ನ ಹಂಗೇ ಬಳಸ್ತಾರ. ಆದ್ರ ನಮ್ಮ ಕಡಿ ತುಂಬೋರು ಕಮ್ಮಿ. ಕಂಪೌಂಡಿಗಿ, ದನದ ಕೊಟ್ಟಿಗಿಗಿ, ಮಾಳಗಿ ಕಟ್ಟಿಗಿ ಹಾಲೋ ಛೊಲೊ. ಅಡಗಿ ಮನ್ಯಾಗ ಮೊಳಿ ಹೊಡಿಲಿಕ್ಕ ಹೋದ್ರ ತೂತಿಗಿ ಬಿದ್ದು ಮೊಳಿ ಅಳ್ಳಾಡತದ. ಬಾಯಿ ಮುಚ್ಚದ ತೂತಿನಾಗ ಇರವಿ, ಚೇಳು ಸಂಸಾರ ಹೂಡ್ತಾವ. ಮ್ಯಾಲಿನ ಸಾಲಿನ ತೂತು ಮುಚ್ಚಸ್ರಿ.

ಎಎಸಿ ಬ್ಲಾಕ್. ವಾಡಿಯೋರಿಗಿ ಇದೊಂದು ದೊಡ್ಡ ಗೊಂದಲ. ಅಲ್ಲಿ ಎಸಿಸಿ ಅಂದ್ರ ಕಂಪನಿ, ಕಾಲೋನಿ, ಬಸ್ ಸ್ಟಾಪು ಎಲ್ಲಾ. ಅದಕ್ಕ ಎಎಸಿ ಬ್ಲಾಕ್ ಅಂದ್ರ ಎಸಿಸಿ ಕಂಪನಿ ಬ್ಲಾಕ್ ಅಂತ ತಿಳಕೊಂಡೋರು ಎಷ್ಟೋ ಮಂದಿ. ಎರಡಕ್ಕೂ ಸಂಬಂಧ ಇಲ್ಲ. ಎಎಸಿ ಅಂದ್ರ ಗಾಳಿ ತುಂಬಿ ಹಬೆಯಾಗ ಬೇಯಿಸಿದ ಕಾಂಕ್ರೀಟು. 1920ರ ದಶಕದಾಗ ಸ್ವೀಡನ್ ದೇಶದ ಯೋಹಾನ್ ಆಕ್ಸೆಲ್ ಎರಿಕ್ಸನ್ ಇದನ್ನ ಮಾಡಿದ. ಥರ್ಮಲ್ ಬೂದಿ ಇಲ್ಲಾ ಉಸುಕು, ಸಿಮೆಂಟ್, ಸುಣ್ಣ, ನೀರು ಕಲಸಿ ಚಿಟಿಕಿಯಷ್ಟು ಅಲ್ಯುಮಿನಿಯಂ ಪುಡಿ ಹಾಕ್ತಾರ. ಗುಳ್ಳಿ ಏಳ್ತದ, ಇಡ್ಲಿ ಹಿಟ್ಟು ಹುಳಿ ಬಂದು ಉಬ್ಬಿದಂಗ ಉಬ್ಬತದ. ತಂತಿಲೆ ಕೊಯ್ದು, ಒತ್ತಡದ ಹಬೆಯಾಗ ತಾಸುಗಟ್ಟಲೆ ಬೇಯಿಸ್ತಾರ. 24 ಇಂಚು ಉದ್ದ, 8 ಎತ್ತರ, 8 ದಪ್ಪ ಇದ್ರೂ ತೂಕ 15 ಕಿಲೋ ಆಸುಪಾಸು. ಅದೇ 16 ಇಂಚಿನ 8 ಇಂಚು ದಪ್ಪ ಸಾಲಿಡ್ ಬ್ಲಾಕ್ 35 ಕಿಲೋ ತೂಗತದ.

ಬೂದಿ ಇಟ್ಟಂಗಿ ಅಂತ ಇನ್ನೊಂದು, ಹಳೇ ಇಟ್ಟಂಗಿ ಅಳತಿದು. ಅಂಗಳಕ್ಕ ಹಾಸೋ ಬಣ್ಣದ ಬ್ಲಾಕ್ ಮತ್ತೊಂದು. ಅಂಗಳಕ್ಕ ಮಾತ್ರ ನಾನು ಪರಸಿನೇ ಅಂತೀನಿ, ಶಹಾಬಾದಿನ ಸೊಸಿ ಬಾಯಾಗ ಬ್ಯಾರೆ ಮಾತು ಬರಬಾರದು.

ತೂಕದ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಂದ್ರತೀನಿ. 10 ಫೂಟು ಉದ್ದ 10 ಫೂಟು ಎತ್ತರದ ಒಂದು ಗ್ವಾಡಿಗಿ 8 ಇಂಚಿನ ಸಾಲಿಡ್ ಬ್ಲಾಕ್ ಸುಮಾರು 105 ಬೇಕು. 35 ಕಿಲೋದಂಗ ಮೂರೂವರಿ ಟನ್ನಿಗಿ ಜಾಸ್ತಿ. ಅದೇ ಗ್ವಾಡಿ ಎಎಸಿ ಆದ್ರ 75 ಬ್ಲಾಕ್, ಒಂದು ಟನ್ನಿನ ಮ್ಯಾಲ ಸ್ವಲ್ಪ. ಈ ತೂಕ ಯಾರ ತಲಿ ಮ್ಯಾಲ ಹೋಗ್ತದ? ಗೌಂಡಿ ಕೂಡಸ್ತಾನ, ಹೊತ್ತು ಕೊಡೋಳು ಹೆಣ್ಮಗಳು. ಪರಸಿ ಖಣಿನಾಗೂ ಕಲ್ಲು ಹೊತ್ತೋಳು ಅಕಿ, ಬ್ಲಾಕಿನ ಅಂಗಳದಾಗ ಹಸಿ ಬ್ಲಾಕಿಗಿ ನೀರು ಹೊಡಿಯೋಳು ಅಕಿ, ಕಟ್ಟಡದ ಮ್ಯಾಲ ಸಿಂಬಿ ಇಟ್ಟು ಏರೋಳು ಅಕಿನೇ. ನಿಮ್ಮ ಮನಿ ಕೆಲಸಕ್ಕ ಬಂದೋಳಿಗಿ 8 ಇಂಚಿನ ಬ್ಲಾಕ್ ಒಬ್ಬಳಿಗೇ ಹೊರಸಬ್ಯಾಡ್ರಿ, ಇಬ್ಬರು ಹಿಡೀಲಿ. ಕೂಲಿ ಗಂಡಾಳಿನಕಿಂತ ಕಮ್ಮಿ ಯಾಕ ಅಂತ ಗುತ್ತೇದಾರಗ ಒಮ್ಮೆ ಕೇಳ್ರಿ ಸುದ್ದಾ.

ನೀರಿನ ಮಾತಿನಾಗ ಭಾಳ ಮಂದಿ ತಪ್ಪು ತಿಳಕೊಂಡಾರ. ಬ್ಲಾಕ್ ತಯಾರ ಮಾಡಿದ ಮ್ಯಾಲ ಕನಿಷ್ಠ 14 ದಿನ ಹಸಿ ಇಡಬೇಕು, ಆಮ್ಯಾಲ ನಾಕು ವಾರ ನೆರಳಿನಾಗ ಒಣಗಬೇಕು. ಒಣಗೋ ಮುಂದ ಬ್ಲಾಕ್ ಸ್ವಲ್ಪ ಕುಗ್ಗತದ. ಆ ಕುಗ್ಗೋದು ಅಂಗಳದಾಗ ಮುಗದ್ರ ಛೊಲೊ, ಗ್ವಾಡಿನಾಗ ಕುಗ್ಗಿದ್ರ ಬಿರುಕು ಗ್ಯಾರಂಟಿ. ಬ್ಯಾಸಗಿನಾಗ ನೀರಿಗಿ ಬರ ಬಂದಾಗ ಎಷ್ಟೋ ಕಡಿ ಮೂರು ದಿನ ನೀರು ಹೊಡದು ಐದನೇ ದಿನ ಟ್ರ್ಯಾಕ್ಟರಿಗಿ ಏರಿಸಿಬಿಡ್ತಾರ. ಅದರಾಗೂ ಈಗಿನ ಸಿಮೆಂಟಿನಾಗ ಥರ್ಮಲ್ ಬೂದಿ ಕೂಡಸಿರ್ತಾರ, ಅದು ನಿಧಾನ ಬಲಿಯೋ ಸಿಮೆಂಟು, ಅದಕ್ಕ ನೀರಿನ ದಿನ ಇನ್ನೂ ಮುಖ್ಯ. ನಮ್ಮ ಚಿಗವ್ವನ ಮನಿಗಿ ಹಿಂಗೇ ಹಸಿ ಬ್ಲಾಕ್ ಬಂದು ಬಿತ್ತು. ಮಾರಿದೋರ ಹೆಸರು ಬ್ಯಾಡ. ಮೂಲಿ ಹಿಡದ್ರ ಉಂಡಿಯಂಗ ಉದುರ್ತಿತ್ತು. ಚಿಗವ್ವ ಒಂದು ಬ್ಲಾಕ್ ಎತ್ತಿ ಗುತ್ತೇದಾರನ ಮುಂದ ಸೊಂಟದ ಎತ್ತರದಿಂದ ನೆಲಕ್ಕ ಬಿಟ್ಲು, ನಾಕು ತುಂಡು ಆಯ್ತು. ಇಡೀ ಲೋಡ್ ತಿರುಗಿ ಹೋಯ್ತು.

ಇನ್ನೊಂದು. ಸುಟ್ಟ ಇಟ್ಟಂಗಿ ಕೂಡಸೋ ಮುಂಚೆ ನೀರಿನಾಗ ನೆನಸ್ತಾರ, ಅದು ಸರಿ. ಸಿಮೆಂಟ್ ಬ್ಲಾಕಿಗಿ ಹಂಗ ನೆನಸಬಾರದು, ಮೈ ಒದ್ದಿ ಆಗೋಷ್ಟು ಚಿಮಕಿಸಿದ್ರ ಸಾಕು. ನೆನಸಿದ್ರ ಮತ್ತ ಹಿಗ್ಗಿ, ಗ್ವಾಡಿನಾಗ ಕುಗ್ಗತದ. ಕಟ್ಟಿದ ಮ್ಯಾಲ ಮಾತ್ರ ಸಂದಿನ ಮಾಲಿಗಿ, ಗಿಲಾವಿಗಿ ಒಂದು ವಾರ ಹತ್ತು ದಿನ ನೀರು ತಪ್ಪಸಬ್ಯಾಡ್ರಿ. ಮಾಲಿನಾಗ ಸಿಮೆಂಟ್ ಹೆಚ್ಚಿದ್ರ ಗಟ್ಟಿ ಅಂತ ಹೇಳೋರನ್ನೂ ನಂಬಬ್ಯಾಡ್ರಿ. ಬ್ಲಾಕಿನಕಿಂತ ಸಂದಿ ಗಟ್ಟಿ ಆದ್ರ ಬಿರುಕು ಬ್ಲಾಕ್ ಸೀಳಿ ಹೋಗ್ತದ. ಒಂದಕ್ಕ ಆರು ಉಸುಕು ಸಾಕು.

ತಂದ ಬ್ಲಾಕ್ ನೋಡೋದು ಹೆಂಗ ಅಂತ ಕೇಳಿದ್ರ, ಕಲ್ಲಂಗಡಿ ನೋಡಿದಂಗೇ. ಎರಡು ಬ್ಲಾಕ್ ಒಂದಕ್ಕೊಂದು ಬಡದ್ರ ಠಣ್ ಅನ್ನಬೇಕು, ದಪ್ ಅನ್ನಬಾರದು. ಮೊಳಿಲೆ ಗೀರಿದ್ರ ಪುಡಿ ಉದುರಬಾರದು. ಒಂದು ಬ್ಲಾಕ್ ಒಣ ಇದ್ದಾಗ ತೂಗಿ, 24 ತಾಸು ನೀರಿನಾಗ ಮುಳುಗಿಸಿ ಮತ್ತ ತೂಗ್ರಿ. ನೂರಕ್ಕ ಹತ್ತು ಪಾಲಿನಕಿಂತ ಹೆಚ್ಚು ನೀರು ಕುಡದ್ರ ಬ್ಯಾಡ ಅನ್ನರಿ. ಕಿರಾಣಿ ಅಂಗಡಿ ತಕ್ಕಡಿನೇ ಸಾಕು ಇದಕ್ಕ.

ಬಿಸಲಿನ ವಿಷಯ ನಮ್ಮ ಕಡಿ ಎಲ್ಲಕ್ಕಿಂತ ದೊಡ್ಡದು. ಮೇ ತಿಂಗಳದಾಗ 42, 43 ಡಿಗ್ರಿ ಸಾಮಾನ್ಯ. ಎರಡು ಫೂಟಿನ ಕಲ್ಲಿನ ಗ್ವಾಡಿ ಹಗಲಿನ ಶಾಖ ನುಂಗಿ, ರಾತ್ರಿ ನಿಧಾನಕ್ಕ ಬಿಡ್ತಿತ್ತು. ಅದಕ್ಕೇ ಮಧ್ಯಾಹ್ನ ಪಡಸಾಲ್ಯಾಗ ತಂಪು, ರಾತ್ರಿ ಎಲ್ಲಾರೂ ಮಾಳಗಿ ಮ್ಯಾಲ. 6 ಇಂಚಿನ ಸಾಲಿಡ್ ಬ್ಲಾಕ್ ಪಡುವಣ ಕಡಿ ಇದ್ರ ಸಂಜಿಗೇ ಹಂಚಿನಂಗ ಕಾಯ್ತದ. ಎಎಸಿ ಒಳಗ ಗಾಳಿ ತುಂಬಿರೋದಕ್ಕ ಶಾಖ ಹಾಯೋದು ಭಾಳ ಕಮ್ಮಿ. ಆದ್ರ ಎಎಸಿ ಹಾಕಿದ್ರ ಮನಿ ಫ್ರಿಡ್ಜ್ ಆಗ್ತದ ಅಂತ ಹೇಳೋದೂ ಸುಳ್ಳು. ಶಾಖದ ದೊಡ್ಡ ಪಾಲು ಇಳಿಯೋದು ಮ್ಯಾಲಿನ ಸ್ಲ್ಯಾಬಿನಿಂದ. ಮಾಳಗಿಗಿ ಸುಣ್ಣ ಬಳದ್ರ ಕಮ್ಮಿ ಖರ್ಚಿನಾಗ ಹೆಚ್ಚು ಪುಣ್ಯ.

ಎಎಸಿಗಿ ಅದರದೇ ಲಹರಿ ಅದ. ನೆಲದ ಕೆಳಗ, ಸದಾ ಒದ್ದಿ ಇರೋ ಕಡಿ ಅದು ಬ್ಯಾಡ. ಸಣ್ಣ ಮೊಳಿ ಹಿಡಿಯಂಗಿಲ್ಲ, ಉದ್ದ ಸ್ಕ್ರೂ ಬೇಕು. ಕಂಬ ಮತ್ತ ಬ್ಲಾಕ್ ಕೂಡೋ ಸಂದಿಗಿ ಜಾಳಿಗಿ ಹಾಕಿ ಗಿಲಾವ್ ಮಾಡದಿದ್ರ ಒಂದೇ ವರ್ಷದಾಗ ಗೆರಿ ಮೂಡ್ತದ. ಕಂಬ ಬೀಮಿಲ್ಲದ ಮನಿಗಿ, ಗ್ವಾಡಿ ಮ್ಯಾಲೇ ಸ್ಲ್ಯಾಬ್ ಕೂಡೋ ಮನಿಗಿ, ಇಂಜಿನಿಯರ್ ಕಾಗದದ ಮ್ಯಾಲ ಬರದು ಕೊಟ್ರ ಮಾತ್ರ ಎಎಸಿ.

ಎಲ್ಲಾ ಬ್ಲಾಕಿಗೂ ದೊಡ್ಡ ವೈರಿ ಒಂದೇ, ಎರಿ ಮಣ್ಣು. ಶಹಾಬಾದ್, ವಾಡಿ ಕಡಿ ಸ್ವಲ್ಪ ಅಗದ್ರ ಕಲ್ಲು ಹತ್ತತದ, ಪಾಯದ ಚಿಂತಿ ಇಲ್ಲ. ಸೇಡಂ, ಚಿತ್ತಾಪುರದ ಹೊಲ ಒಡದು ಮಾಡಿದ ಪ್ಲಾಟಿನಾಗ ಆಳತನಾ ಕರಿ ಮಣ್ಣು. ಮಳಿಗಾಲಕ್ಕ ಉಬ್ಬಿ, ಬ್ಯಾಸಗಿಗಿ ಕುಗ್ಗಿ ಅದು ಮನಿ ಎತ್ತಿ ಇಳಸ್ತದ. ಮಣ್ಣಿನ ಗಾರಿಯ ಹಳೇ ಗ್ವಾಡಿ ಸ್ವಲ್ಪ ಬಾಗ್ತಿತ್ತು, ಬ್ಲಾಕ್ ಗ್ವಾಡಿ ಬಾಗಂಗಿಲ್ಲ, ಸಂದಿ ಹಿಡದು ಮೆಟ್ಟಲದಂಗ ಬಿರುಕು ಬಿಡ್ತದ. ಆವಾಗ ಬ್ಲಾಕ್ ಮಾರಿದೋನಿಗಿ ಬೈದು ಫಾಯದಾ ಇಲ್ಲ, ತಪ್ಪು ಪಾಯದ್ದು. ಮುರುಂ ಹತ್ತೋತನಾ ಅಗಸಬೇಕು, ಇಲ್ಲಂದ್ರ ಇಂಜಿನಿಯರಿಗಿ ಕೇಳಿ ಪೈಲ್ ಹಾಕಸಬೇಕು.

ಅದಕ್ಕ ವೈನಿ, ನಿಮ್ಮ ಮಗಳಿಗಿ ನಾನು ಹೇಳಿದ್ದು ಹಿಂಗ. ಮುರುಂತನಾ ಅಗದು ಪಾಯ ತುಂಬಲಿ, ಪ್ಲಿಂತ್ ತನಾ ನಮ್ಮ ಕಲ್ಲೇ ಇರ್ಲಿ, ಅದರ ಮ್ಯಾಲ ಸುತ್ತ ಬೀಮು. ಕಂಬದ ಮನಿ ಅಂತ ಇಂಜಿನಿಯರ್ ನಕ್ಷಾ ಮಾಡ್ಯಾರ, ಹಂಗಾರ ಹೊರಗಿನ ಗ್ವಾಡಿ 8 ಇಂಚಿನ ಎಎಸಿ ಇರ್ಲಿ, ಅಕಿ ಮಧ್ಯಾಹ್ನ ಹೊಲಿಗಿ ಮಷೀನಿಗಿ ಕೂಡೋ ಖೋಲಿ ಪಡುವಣಕ್ಕೇ ಅದ. ಅಡಗಿ ಮನಿ ಅಡ್ಡ ಗ್ವಾಡಿ, ಬಚ್ಚಲದ್ದು 6 ಇಂಚಿನ ಸಾಲಿಡ್. ಒಂದೇ ಗ್ವಾಡಿನಾಗ ಎರಡು ಜಾತಿ ಬೆರಸೋದು ಬ್ಯಾಡ. ಮಾವನೋರ ಮಾತೂ ಉಳೀಲಿ, ಕಂಪೌಂಡಿಗಿ ಹಾಲೋ ತರಲಿ. ಸಾಲಿಡ್ ಬ್ಲಾಕಿಗಿ ಈಗಲೇ ಹೇಳಿ ಇಡ್ರಿ, ಪಾಯ ಮುಗಿಯೋತನಾ ಅವು ಅಂಗಳದಾಗ ಒಣಗ್ತಾವ. ಬಂದ ದಿನ ನಾನೂ ಬರ್ತೀನಿ, ತಕ್ಕಡಿ ತಗೊಂಡು.